ಪ್ರವೇಶಕಾಲದ ನೇಯ್ಗೆ: ಜಾವಾ ಭಾಷೆಯ ವರ್ಗವ್ಯವಸ್ಥೆಯ ಒಂದು ವಿವೇಚನೆ

ಬರೆದ ಪಠ್ಯ ಒಂದು, ಬಳಕೆಯಲ್ಲಿರುವ ಪಠ್ಯ ಮತ್ತೊಂದು ಆಗಬಹುದೆ ಎಂಬ ಪ್ರಶ್ನೆ ಗ್ರಂಥಸಂಪಾದನ ಶಾಸ್ತ್ರಕ್ಕೆ ಹೊಸದಲ್ಲ. ಓಲೆಗರಿಯಿಂದ ಓಲೆಗರಿಗೆ ಪ್ರತಿ ಇಳಿಯುವಾಗ ನಡುವೆ ಸೇರಿಕೊಂಡ ಮಾತುಗಳನ್ನು ವಿದ್ವಾಂಸರು ಪ್ರಕ್ಷೇಪವೆಂದು ಕರೆದು, ಮೂಲದಿಂದ ಬೇರ್ಪಡಿಸಲು ಶ್ರಮಿಸುತ್ತಾರೆ. ಗಣಕಯಂತ್ರದ ಕ್ರಮವಿಧಿಗಳ ಲೋಕದಲ್ಲಿ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಎದ್ದಿದೆ. ಅಲ್ಲಿ ಮೂಲಪಠ್ಯದ ಒಂದಕ್ಷರವನ್ನೂ ಮುಟ್ಟದೆ, ಅದು ಯಂತ್ರವನ್ನು ಪ್ರವೇಶಿಸುವ ಗಳಿಗೆಯಲ್ಲಿ ಬೇಕಾದ ಮಾತುಗಳನ್ನು ಸೇರಿಸಿ ನಡೆಸುವ ಪದ್ಧತಿಯೊಂದುಂಟು. ಅದು ಕಳ್ಳದಾರಿಯಲ್ಲ, ಸೂತ್ರಬದ್ಧವಾದ, ಪ್ರಯೋಜನಕಾರಿಯಾದ ಪದ್ಧತಿ. ಅದಕ್ಕೆ ಪ್ರವೇಶಕಾಲದ ನೇಯ್ಗೆ ಎಂದು ಹೆಸರಿಡಬಹುದು. ಈ ಪದ್ಧತಿ ಎಂತಹುದು, ಅದರ ಬಲವೇನು, ಅದರಲ್ಲಿ ಅಡಗಿರುವ ಅಪಾಯವೇನು ಎಂಬುದನ್ನು ಕ್ರಮವಾಗಿ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಬ್ಯಾಂಕು, ಆಸ್ಪತ್ರೆ, ರೈಲ್ವೆ ಮುಂತಾದ ನಿತ್ಯವ್ಯವಹಾರಗಳ ಲೆಕ್ಕವೆಲ್ಲ ಇಂದು ಇಂತಹ ಕ್ರಮವಿಧಿಗಳ ಕೈಯಲ್ಲಿರುವುದರಿಂದ, ಈ ವಿಚಾರ ತಜ್ಞರಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸಲಾಗದು.

೧. ವರ್ಗ ಮತ್ತು ಅದರ ಪ್ರವೇಶ

ಜಾವಾ ಎಂಬ ಕ್ರಮವಿಧಿಯ ಭಾಷೆಯನ್ನು ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ೧೯೯೫ರಲ್ಲಿ ಪ್ರಕಟಿಸಿತು. ಅದರ ರಚನೆಯ ನೇತೃತ್ವ ವಹಿಸಿದವರು ಜೇಮ್ಸ್ ಗಾಸ್ಲಿಂಗ್. ಸನ್ ಸಂಸ್ಥೆ ೨೦೧೦ರಲ್ಲಿ ಒರಾಕಲ್ ಸಂಸ್ಥೆಯಲ್ಲಿ ಸೇರಿಹೋಯಿತು. ಭಾಷೆ ಮಾತ್ರ ಬೆಳೆಯುತ್ತಲೇ ಬಂದಿದೆ. ಈ ಭಾಷೆಯಲ್ಲಿ ಬರವಣಿಗೆಯ ಘಟಕಕ್ಕೆ ಕ್ಲಾಸ್, ಅಂದರೆ ವರ್ಗ, ಎಂದು ಹೆಸರು. 'ಖಾತೆ' ಎಂಬುದು ಒಂದು ವರ್ಗವೆಂದುಕೊಂಡರೆ, ಅದರಲ್ಲಿ ಶಿಲ್ಕು ಎಷ್ಟೆಂಬ ಮಾಹಿತಿಯೂ, 'ಜಮೆ', 'ಹಿಂತೆಗೆತ' ಎಂಬ ಕ್ರಿಯೆಗಳೂ ಅಡಕವಾಗಿರುತ್ತವೆ.

ಮನುಷ್ಯನು ಬರೆದ ಈ ಮೂಲಪಠ್ಯವನ್ನು ಯಂತ್ರ ನೇರವಾಗಿ ಓದುವುದಿಲ್ಲ. ಕಂಪೈಲರ್ ಎಂಬ ಅನುವಾದಕವು ಮೊದಲು ಅದನ್ನು ಬೈಟ್‌ಕೋಡ್ ಎಂಬ ಮಧ್ಯಮ ರೂಪಕ್ಕೆ ತಿರುಗಿಸಿ, ಪ್ರತಿಯೊಂದು ವರ್ಗಕ್ಕೂ ಒಂದೊಂದು ಕಡತವನ್ನು ಸಿದ್ಧಪಡಿಸುತ್ತದೆ. ಅಂತಹ ಪ್ರತಿಯೊಂದು ಕಡತದ ಮೊದಲ ನಾಲ್ಕು ಬೈಟುಗಳು ಒಂದೇ ಬಗೆಯವು. ಹದಿನಾರರ ಮೂಲಮಾನದಲ್ಲಿ ಅವನ್ನು ಬರೆದರೆ 'ಕೆಫೆ ಬೇಬ್' ಎಂದು ಓದಬಹುದಾದ ಅಕ್ಷರಗಳು ದೊರೆಯುತ್ತವೆ. ಇದು ಆ ಕಡತದ ಮುದ್ರೆ. ಈ ಕಡತವನ್ನು ಓದಿ ನಡೆಸುವುದು ಜಾವಾ ವರ್ಚುಯಲ್ ಮೆಷಿನ್ ಎಂಬ ಕಲ್ಪಿತಯಂತ್ರ. ಕಲ್ಪಿತವೆಂದರೆ ಸುಳ್ಳಲ್ಲ, ಲೋಹದ ಯಂತ್ರದ ಮೇಲೆ ನಿಂತ, ಬರಿಯ ವಿಧಿಗಳಿಂದಲೇ ಕಟ್ಟಿದ ಯಂತ್ರವೆಂದರ್ಥ.

ಇಲ್ಲಿ ಒಂದು ವಿಶೇಷವನ್ನು ಗಮನಿಸತಕ್ಕದ್ದು. ಕ್ರಮವಿಧಿಯ ಎಲ್ಲ ವರ್ಗಗಳೂ ಆರಂಭದಲ್ಲಿಯೇ ಯಂತ್ರದೊಳಗೆ ಬಂದು ಕೂರುವುದಿಲ್ಲ. ಯಾವ ವರ್ಗದ ಅಗತ್ಯ ಯಾವಾಗ ಬೀಳುವುದೋ ಆಗ ಅದನ್ನು ಕರೆತರಲಾಗುತ್ತದೆ. ಹೀಗೆ ಕರೆತರುವ ಅಧಿಕಾರಿಗೆ ಕ್ಲಾಸ್ ಲೋಡರ್, ಸಂಕ್ಷೇಪವಾಗಿ ಲೋಡರ್, ಎಂದು ಹೆಸರು. ಲೋಡರಿನ ಕೆಲಸ ಸ್ಥೂಲವಾಗಿ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು, ವರ್ಗದ ಹೆಸರಿಗೆ ತಕ್ಕ ಬೈಟುಗಳನ್ನು ಎಲ್ಲಿಂದಲಾದರೂ ಸಂಪಾದಿಸುವುದು. ಎರಡನೆಯದು, ಆ ಬೈಟುಗಳನ್ನು ಯಂತ್ರಕ್ಕೆ ಒಪ್ಪಿಸಿ 'ಇದು ಇಂತಹ ವರ್ಗ' ಎಂದು ಸ್ಥಾಪಿಸುವುದು. ಸಂಪಾದನೆಗೂ ಸ್ಥಾಪನೆಗೂ ನಡುವೆ ಒಂದು ಸಣ್ಣ ಅವಕಾಶವಿದೆ. ಆ ಅವಕಾಶದಲ್ಲಿ ವರ್ಗವು ಇನ್ನೂ ಬರಿಯ ಬೈಟುಗಳ ಸಾಲು. ಅದಕ್ಕೆ ಅಸ್ತಿತ್ವ ಬಂದಿಲ್ಲ. ಈ ಲೇಖನದ ವಿಷಯವೆಲ್ಲ ಆ ಒಂದು ಗಳಿಗೆಯಲ್ಲಿ ಅಡಗಿದೆ.

೨. ಲೋಡರುಗಳ ಪರಂಪರೆ

ಯಂತ್ರದಲ್ಲಿ ಲೋಡರ್ ಒಂದೇ ಅಲ್ಲ. ಅವುಗಳದು ಒಂದು ವಂಶವೃಕ್ಷ. ಬುಡದಲ್ಲಿರುವುದು ಬೂಟ್‌ಸ್ಟ್ರ್ಯಾಪ್ ಲೋಡರ್. ಭಾಷೆಯ ಮೂಲಭೂತ ವರ್ಗಗಳನ್ನು ಅದು ತರುತ್ತದೆ. ಅದರ ಮೇಲೆ ಹಿಂದೆ ಎಕ್ಸ್‌ಟೆನ್ಷನ್ ಲೋಡರ್ ಇತ್ತು. ೨೦೧೭ರಲ್ಲಿ ಬಂದ ಜಾವಾ ೯ರಿಂದ ಆ ಸ್ಥಾನದಲ್ಲಿ ಪ್ಲಾಟ್‌ಫಾರ್ಮ್ ಲೋಡರ್ ನಿಂತಿದೆ. ಅದರ ಮೇಲಿನದು ಅಪ್ಲಿಕೇಷನ್ ಲೋಡರ್. ಸಾಮಾನ್ಯನೊಬ್ಬನು ಬರೆದ ವರ್ಗಗಳನ್ನು ತರುವುದು ಇದರ ಹೊಣೆ. ೧೯೯೮ರಲ್ಲಿ ಬಂದ ಜಾವಾ ೧.೨ ಆವೃತ್ತಿಯಿಂದ ಈ ವಂಶಕ್ಕೆ ಒಂದು ಶಿಷ್ಟಾಚಾರ ಸ್ಥಿರವಾಯಿತು. ಯಾವ ಲೋಡರಿಗೇ ಆಗಲಿ ಒಂದು ವರ್ಗವನ್ನು ತರುವಂತೆ ಆಜ್ಞೆಯಾದರೆ, ಅದು ಮೊದಲು ತನ್ನ ಹಿರಿಯ ಲೋಡರನ್ನು ಕೇಳಬೇಕು. ಹಿರಿಯನು ತನ್ನ ಹಿರಿಯನನ್ನು ಕೇಳಬೇಕು. ಮೇಲಿನವರಾರಿಗೂ ಅದು ದೊರೆಯದಿದ್ದರೆ ಮಾತ್ರ ತಾನು ಹುಡುಕಬೇಕು. ಮೂಲಭೂತ ವರ್ಗಗಳ ಹೆಸರನ್ನು ಧರಿಸಿ ಬೇರೊಂದು ವರ್ಗ ಒಳನುಗ್ಗದಿರಲು ಈ ಮರ್ಯಾದೆ ಒಂದು ಕಾವಲು.

ಜಾವಾ ಭಾಷೆಯ ಒಂದು ಔದಾರ್ಯವೆಂದರೆ, ಕ್ರಮವಿಧಿಯನ್ನು ಬರೆಯುವವನು ತನ್ನದೇ ಆದ ಲೋಡರನ್ನೂ ರಚಿಸಿಕೊಳ್ಳಬಹುದು. ಭಾಷೆಯಲ್ಲಿಯೇ ಇರುವ ಕ್ಲಾಸ್ ಲೋಡರ್ ಎಂಬ ವರ್ಗದಿಂದ ಒಂದು ಉಪವರ್ಗವನ್ನು ಮಾಡಿ, 'ಫೈಂಡ್ ಕ್ಲಾಸ್' ಎಂಬ ಕ್ರಿಯೆಯನ್ನು ತನ್ನ ಅಗತ್ಯಕ್ಕೆ ತಕ್ಕಂತೆ ಬರೆದು, ಕೊನೆಯಲ್ಲಿ 'ಡಿಫೈನ್ ಕ್ಲಾಸ್' ಎಂಬ ಕ್ರಿಯೆಗೆ ಬೈಟುಗಳನ್ನು ಒಪ್ಪಿಸಿದರೆ ಕೆಲಸ ಮುಗಿಯಿತು. ಆದಿಯಲ್ಲಿ ಇದರ ಪ್ರಯೋಜನ ಕಂಡದ್ದು ಆಪ್ಲೆಟ್ ಎಂಬ ಸಣ್ಣ ಕ್ರಮವಿಧಿಗಳಲ್ಲಿ. ದೂರದ ಗಣಕದಿಂದ ಜಾಲದ ಮೂಲಕ ಬಂದ ವರ್ಗಗಳನ್ನು ಬ್ರೌಸರಿನಲ್ಲಿ ಪ್ರತ್ಯೇಕವಾಗಿಟ್ಟು ನಡೆಸಲು ಬೇರೆ ಲೋಡರ್ ಬೇಕಾಗಿತ್ತು. ಆಪ್ಲೆಟ್ಟುಗಳು ಈಗ ಬಳಕೆಯಿಂದ ಮರೆಯಾಗಿವೆ. ಆದರೆ ಸ್ವಂತ ಲೋಡರಿನ ಉಪಯೋಗ ಬೇರೆ ಕಡೆಗಳಲ್ಲಿ ಹಬ್ಬಿದೆ. ಟಾಮ್‌ಕ್ಯಾಟ್ ಎಂಬ ಪ್ರಸಿದ್ಧ ಪರಿಚಾರಕದಲ್ಲಿ ಅನೇಕ ಜಾಲತಾಣಗಳ ಕ್ರಮವಿಧಿಗಳು ಒಂದೇ ಯಂತ್ರದಲ್ಲಿ ನಡೆಯುತ್ತವೆ. ಪ್ರತಿಯೊಂದಕ್ಕೂ ಅಲ್ಲಿ ಬೇರೆ ಲೋಡರುಂಟು. ಈ ಲೋಡರ್ ಮೂಲಭೂತ ವರ್ಗಗಳನ್ನು ಬಿಟ್ಟು ಉಳಿದವನ್ನು ಮೊದಲು ತನ್ನಲ್ಲಿ ಹುಡುಕಿ, ಅನಂತರ ಹಿರಿಯರನ್ನು ಕೇಳುತ್ತದೆ. ಒಂದು ಮನೆಯವರು ಗ್ರಂಥದ ಹಳೆಯ ಆವೃತ್ತಿಯನ್ನೂ ಪಕ್ಕದ ಮನೆಯವರು ಹೊಸ ಆವೃತ್ತಿಯನ್ನೂ ಇಟ್ಟುಕೊಳ್ಳುವಂತೆ, ಒಂದೇ ಹೆಸರಿನ ವರ್ಗದ ಎರಡು ಆವೃತ್ತಿಗಳು ಅಲ್ಲಿ ಜಗಳವಿಲ್ಲದೆ ಬಾಳಬಲ್ಲವು.

೩. ಹೆಸರೊಂದೇ ಗುರುತಲ್ಲ

ಒಂದೇ ಹೆಸರಿನ ಎರಡು ವರ್ಗಗಳು ಒಂದೇ ಯಂತ್ರದಲ್ಲಿ ಇರುವುದಾದರೆ ಅವುಗಳನ್ನು ಬೇರ್ಪಡಿಸುವ ಲಕ್ಷಣವೇನು ಎಂಬ ಶಂಕೆ ಸಹಜವಾಗಿ ಏಳುತ್ತದೆ. ಉತ್ತರವಿದು: ವರ್ಗದ ಗುರುತು ಅದರ ಹೆಸರು ಮಾತ್ರವಲ್ಲ, ಹೆಸರು ಮತ್ತು ಅದನ್ನು ಸ್ಥಾಪಿಸಿದ ಲೋಡರ್, ಇವೆರಡೂ ಸೇರಿ ಒಂದು ಗುರುತಾಗುತ್ತದೆ. ಒಂದೇ ಊರಿನಲ್ಲಿ ಇಬ್ಬರು ಬಸಪ್ಪಂದಿರಿದ್ದರೆ ಮನೆತನದ ಹೆಸರಿನಿಂದ ಅವರನ್ನು ತಿಳಿಯುವಂತೆ ಇದು. ಇದನ್ನು ಮರೆತವನಿಗೆ ಯಂತ್ರವು ವಿಚಿತ್ರವಾದ ದೂರನ್ನು ಸಲ್ಲಿಸುತ್ತದೆ: 'ಖಾತೆ'ಯನ್ನು 'ಖಾತೆ'ಯೆಂದು ಪರಿಗಣಿಸಲಾಗದು! ಎರಡು ಲೋಡರುಗಳು ತಂದ ಎರಡು 'ಖಾತೆ'ಗಳು ಅಕ್ಷರಶಃ ಒಂದೇ ಆಗಿದ್ದರೂ ಯಂತ್ರದ ದೃಷ್ಟಿಯಲ್ಲಿ ಅವು ಭಿನ್ನವೆಂಬುದು ಆ ದೂರಿನ ತಾತ್ಪರ್ಯ.

ಈ ತತ್ತ್ವ ಆರಂಭದಿಂದಲೇ ನಿರ್ದುಷ್ಟವಾಗಿರಲಿಲ್ಲ. ೧೯೯೭ರಲ್ಲಿ ವಿಜಯ್ ಸಾರಸ್ವತ್ ಎಂಬ ವಿಜ್ಞಾನಿ, ಅಂದಿನ ಜಾವಾ ಯಂತ್ರದಲ್ಲಿ ಎರಡು ಲೋಡರುಗಳ ಒಂದೇ ಹೆಸರಿನ ವರ್ಗಗಳನ್ನು ಯಂತ್ರವೇ ತಪ್ಪಾಗಿ ಒಂದೆಂದು ತಿಳಿಯುವ ಸಂದರ್ಭವನ್ನು ತೋರಿಸಿದರು. ಹಾಗಾದರೆ ಒಂದು ವರ್ಗದ ಗೋಪ್ಯವಾದ ಮಾಹಿತಿಯನ್ನು ಅದೇ ಹೆಸರಿನ ಮತ್ತೊಂದು ವರ್ಗದ ವೇಷದಲ್ಲಿ ಬಯಲಿಗೆಳೆಯಬಹುದಾಗಿತ್ತು. ಭಾಷೆಯ ಭದ್ರತೆಯ ತಳಹದಿಗೇ ತಗಲುವ ದೋಷವಿದು. ೧೯೯೮ರಲ್ಲಿ ಶೆಂಗ್ ಲಿಯಾಂಗ್ ಮತ್ತು ಗಿಲಾಡ್ ಬ್ರಾಖಾ ಅವರು ತಮ್ಮ ಪ್ರಬಂಧದಲ್ಲಿ ಇದಕ್ಕೆ ಪರಿಹಾರವನ್ನು ವಿವರಿಸಿದರು. ಎರಡು ಲೋಡರುಗಳ ವರ್ಗಗಳು ಪರಸ್ಪರ ವ್ಯವಹರಿಸುವಾಗ, ಒಂದು ಹೆಸರಿನಿಂದ ಇಬ್ಬರಿಗೂ ಒಂದೇ ವರ್ಗ ಸಿದ್ಧಿಸಬೇಕೆಂಬ ಕಟ್ಟಳೆಯನ್ನು ಯಂತ್ರವೇ ದಾಖಲಿಸಿಕೊಂಡು ಪರೀಕ್ಷಿಸುವುದು ಆ ಪರಿಹಾರ. ಪ್ರವೇಶದ್ವಾರವನ್ನು ಇತರರ ಕೈಗೆ ಬಿಟ್ಟುಕೊಡುವ ಭಾಷೆ, ಗುರುತಿನ ವಿಚಾರದಲ್ಲಿ ಎಷ್ಟು ಕಟ್ಟುನಿಟ್ಟಾಗಿರಬೇಕೆಂಬುದಕ್ಕೆ ಈ ಪ್ರಸಂಗ ನಿದರ್ಶನ.

೪. ಆಸ್ಪೆಕ್ಟ್ ಎಂದರೇನು

ದೊಡ್ಡ ಕ್ರಮವಿಧಿಯನ್ನು ಬಿಡಿಬಿಡಿಯಾದ ಘಟಕಗಳಾಗಿ ವಿಂಗಡಿಸಬೇಕೆಂಬುದು ಹಳೆಯ ನೀತಿ. ೧೯೭೨ರಲ್ಲಿ ಡೇವಿಡ್ ಪಾರ್ನಾಸ್ ಅವರು ಹೀಗೆ ವಿಂಗಡಿಸುವ ಮಾನದಂಡಗಳನ್ನು ಚರ್ಚಿಸಿದರು. ೧೯೭೪ರಲ್ಲಿ ಡೈಕ್‌ಸ್ಟ್ರಾ ಅವರು ಒಂದು ಕಾಲಕ್ಕೆ ಒಂದು ವಿಚಾರವನ್ನೇ ಪ್ರತ್ಯೇಕಿಸಿ ನೋಡುವ ಕ್ರಮವನ್ನು ಪ್ರತಿಪಾದಿಸಿದರು. ಆದರೆ ಕೆಲವು ವಿಚಾರಗಳು ಎಷ್ಟು ವಿಂಗಡಿಸಿದರೂ ಒಂದು ಘಟಕದಲ್ಲಿ ನಿಲ್ಲುವುದಿಲ್ಲ. ಬ್ಯಾಂಕಿನ ಕ್ರಮವಿಧಿಯಲ್ಲಿ ಹಣ ಹೊರಹೋಗುವ ಪ್ರತಿಯೊಂದು ಕ್ರಿಯೆಗೂ ಮೊದಲು ಅಧಿಕಾರಪರೀಕ್ಷೆ ನಡೆಯಬೇಕು, ಅನಂತರ ದಾಖಲೆಯಾಗಬೇಕು ಎಂದಿರಲಿ. ಉಳಿತಾಯ ಖಾತೆ, ಸಾಲದ ಖಾತೆ, ಠೇವಣಿ, ಹುಂಡಿ, ಹೀಗೆ ನೂರು ಕಡೆಗಳಲ್ಲಿ ಅದೇ ನಾಲ್ಕು ಸಾಲುಗಳನ್ನು ಬರೆಯಬೇಕಾಗುತ್ತದೆ. ಒಂದು ಕಡೆ ಮರೆತರೂ ರಂಧ್ರವುಂಟಾಯಿತು. ನಿಯಮ ಬದಲಾದರೆ ನೂರು ಕಡೆ ತಿದ್ದಬೇಕಾಯಿತು.

ಈ ಸಂಕಟಕ್ಕೆ ಪರಿಹಾರವಾಗಿ ಆಸ್ಪೆಕ್ಟ್ ಎಂಬ ಕಲ್ಪನೆ ಹುಟ್ಟಿತು. ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದಲ್ಲಿ, ಅಂದು ಜೆರಾಕ್ಸ್ ಸಂಸ್ಥೆಯದಾಗಿದ್ದ ಸಂಶೋಧನಾಲಯದಲ್ಲಿ ಗ್ರೆಗರ್ ಕಿಚಾಲೆಸ್ ಅವರ ನೇತೃತ್ವದ ತಂಡ ಇದನ್ನು ರೂಪಿಸಿತು. ೧೯೯೭ರಲ್ಲಿ ಫಿನ್ಲೆಂಡಿನ ಯೂವಾಸ್ಕೂಲಾ ನಗರದಲ್ಲಿ ನಡೆದ ಐರೋಪ್ಯ ಸಮ್ಮೇಳನದಲ್ಲಿ ಏಳು ಜನ ಲೇಖಕರ ಪ್ರಬಂಧ ಇದನ್ನು ಲೋಕಕ್ಕೆ ಪರಿಚಯಿಸಿತು. ಈ ಕಲ್ಪನೆಯನ್ನು ಜಾವಾ ಭಾಷೆಗೆ ಅಳವಡಿಸಿದ ಆಸ್ಪೆಕ್ಟ್‌ಜೆ ಎಂಬ ಸಾಧನದ ಮೊದಲ ಪೂರ್ಣ ಆವೃತ್ತಿ ೨೦೦೧ರಲ್ಲಿ ಬಂದಿತು. ೨೦೦೨ರಲ್ಲಿ ಅದು ಎಕ್ಲಿಪ್ಸ್ ಯೋಜನೆಯ ಆಶ್ರಯಕ್ಕೆ ಹೋಯಿತು.

ಆಸ್ಪೆಕ್ಟಿನ ಸ್ವರೂಪವನ್ನು ಕನ್ನಡ ವ್ಯಾಕರಣವನ್ನು ಬಲ್ಲವರು ಸುಲಭವಾಗಿ ಗ್ರಹಿಸಬಲ್ಲರು. 'ಮನೆ' ಎಂಬ ಪದಕ್ಕೆ 'ಅನ್ನು' ಎಂಬ ಪ್ರತ್ಯಯ ಸೇರಿದಾಗ 'ಮನೆಯನ್ನು' ಎಂದಾಗುತ್ತದೆ. ನಡುವೆ ಬಂದ ಯಕಾರ 'ಮನೆ'ಯಲ್ಲಿಯೂ ಇಲ್ಲ, 'ಅನ್ನು'ವಿನಲ್ಲಿಯೂ ಇಲ್ಲ. ಅದು ಇರುವುದು ಸೂತ್ರದಲ್ಲಿ. ಇಂತಹ ಸ್ವರದ ಮುಂದೆ ಸ್ವರ ಬಂದರೆ ಯಕಾರವು ಆಗಮವಾಗಬೇಕೆಂದು ಸೂತ್ರ ಒಮ್ಮೆ ಹೇಳುತ್ತದೆ. ಭಾಷೆಯ ಸಾವಿರಾರು ಪದಗಳಲ್ಲಿ ಒಂದೊಂದರ ಬಳಿಗೂ ಹೋಗಿ ಅದನ್ನು ಬರೆದಿಡುವುದಿಲ್ಲ. ಆಸ್ಪೆಕ್ಟಿನ ಕ್ರಮವೂ ಇದೇ. ಕ್ರಮವಿಧಿಯ ಓಟದಲ್ಲಿ ಕ್ರಿಯೆಯೊಂದು ನಡೆಯುವ ಒಂದೊಂದು ಸ್ಥಾನವೂ ಸಂಧಿಸ್ಥಾನ. ಅದಕ್ಕೆ ಜಾಯಿನ್ ಪಾಯಿಂಟ್ ಎಂದು ಹೆಸರು. ಯಾವ ಯಾವ ಸಂಧಿಸ್ಥಾನಗಳಿಗೆ ನಿಯಮ ಅನ್ವಯಿಸಬೇಕೆಂಬ ನಿಮಿತ್ತವನ್ನು ಹೇಳುವುದು ಪಾಯಿಂಟ್‌ಕಟ್. ಅಲ್ಲಿ ನಡೆಯಬೇಕಾದ ಕಾರ್ಯವೇನೆಂದು ಹೇಳುವುದು ಅಡ್ವೈಸ್.

ಹೋಲಿಕೆ ಇಲ್ಲಿಗೆ ಮುಗಿಯುವುದಿಲ್ಲ. ಸಂಧಿಕಾರ್ಯಗಳಲ್ಲಿ ಲೋಪ, ಆಗಮ, ಆದೇಶಗಳೆಂಬ ಮೂರು ಬಗೆಗಳಿರುವಂತೆ ಅಡ್ವೈಸಿನಲ್ಲಿಯೂ ಮೂರು ಬಗೆಯ ಫಲವನ್ನು ಕಾಣಬಹುದು. ಮೂಲಕ್ರಿಯೆಯ ಮೊದಲು ಅಥವಾ ಅನಂತರ ಹೊಸ ಕಾರ್ಯವನ್ನು ಸೇರಿಸುವುದು 'ಮನೆಯನ್ನು' ಎಂಬಲ್ಲಿನ ಆಗಮದಂತೆ. ಮೂಲಕ್ರಿಯೆಯನ್ನು ಸುತ್ತುವರಿದು, ಅದರ ಫಲಕ್ಕೆ ಬದಲಾಗಿ ಬೇರೊಂದು ಫಲವನ್ನು ಕೊಡುವುದು 'ಬೆಟ್ಟದಾವರೆ' ಎಂಬಲ್ಲಿ ತಕಾರಕ್ಕೆ ದಕಾರ ಬರುವ ಆದೇಶದಂತೆ. ಸುತ್ತುವರಿದು ಮೂಲಕ್ರಿಯೆಯನ್ನು ನಡೆಯಗೊಡದೆ ಬಿಡುವುದು 'ಊರಲ್ಲಿ' ಎಂಬಲ್ಲಿ ಉಕಾರವು ಮಾಯವಾಗುವ ಲೋಪದಂತೆ. ಅಧಿಕಾರವಿಲ್ಲದವನ ಹಿಂತೆಗೆತವನ್ನು ತಡೆಯುವುದು ಈ ಮೂರನೆಯ ಬಗೆಯ ಕೆಲಸ.

ರಾಬರ್ಟ್ ಫಿಲ್ಮನ್ ಮತ್ತು ಡೇನಿಯಲ್ ಫ್ರೀಡ್‌ಮನ್ ಅವರು ೨೦೦೦ದಲ್ಲಿ ಈ ಪದ್ಧತಿಗೆ ಎರಡು ಲಕ್ಷಣಗಳನ್ನು ಹೇಳಿದರು. ಒಂದು, ಒಂದೇ ವಾಕ್ಯದಿಂದ ಅನೇಕ ಸ್ಥಾನಗಳನ್ನು ಆವರಿಸುವಿಕೆ. ಇನ್ನೊಂದು, ಹಾಗೆ ಆವರಿಸಲ್ಪಟ್ಟ ಮೂಲಪಠ್ಯಕ್ಕೆ ಅದರ ಅರಿವೇ ಇಲ್ಲದಿರುವಿಕೆ. ಮೊದಲನೆಯದು ಪದ್ಧತಿಯ ಬಲ. ಎರಡನೆಯದು ಬಲವೂ ಹೌದು, ಮುಂದೆ ಕಾಣುವಂತೆ ಅಪಾಯವೂ ಹೌದು.

೫. ನೇಯ್ಗೆಯ ಕಾಲ

ಮೂಲವರ್ಗಗಳು ಹಾಸು, ಆಸ್ಪೆಕ್ಟುಗಳು ಹೊಕ್ಕು. ಇವೆರಡನ್ನೂ ಕೂಡಿಸುವ ಕಾರ್ಯಕ್ಕೆ ಇಂಗ್ಲಿಷಿನಲ್ಲಿಯೂ ನೇಯ್ಗೆ ಎಂಬರ್ಥದ ಹೆಸರೇ ರೂಢಿಯಲ್ಲಿದೆ. ಆಸ್ಪೆಕ್ಟ್‌ಜೆ ಸಾಧನದಲ್ಲಿ ನೇಯ್ಗೆಗೆ ಮೂರು ಕಾಲಗಳುಂಟು. ಮೂಲಪಠ್ಯವನ್ನು ಅನುವಾದಿಸುವಾಗಲೇ ನೇಯುವುದು ಮೊದಲನೆಯದು. ಇದಕ್ಕೆ ಮೂಲಪಠ್ಯ ಕೈಯಲ್ಲಿರಬೇಕು. ಅನುವಾದವಾದ ಕಡತಗಳನ್ನು ಮತ್ತೆ ತೆರೆದು ನೇಯುವುದು ಎರಡನೆಯದು; ಇದಕ್ಕೆ ಬೈಟ್‌ಕೋಡ್ ಇದ್ದರೆ ಸಾಕು. ಕಡತಗಳನ್ನೂ ಮುಟ್ಟದೆ, ವರ್ಗವು ಯಂತ್ರವನ್ನು ಪ್ರವೇಶಿಸುವಾಗ ನೇಯುವುದು ಮೂರನೆಯದು. ಇದೇ ಪ್ರವೇಶಕಾಲದ ನೇಯ್ಗೆ.

ಇವಲ್ಲದೆ ಸ್ಪ್ರಿಂಗ್ ಎಂಬ ಜನಪ್ರಿಯ ಚೌಕಟ್ಟಿನಲ್ಲಿ ನೇಯದೆಯೇ ಆಸ್ಪೆಕ್ಟನ್ನು ನಡೆಸುವ ಇನ್ನೊಂದು ಉಪಾಯವುಂಟು. ವಸ್ತುವಿನ ಮುಂದೆ ಒಬ್ಬ ಪ್ರತಿನಿಧಿಯನ್ನು ನಿಲ್ಲಿಸಿ, ಹೊರಗಿನಿಂದ ಬಂದ ಕರೆಗಳೆಲ್ಲ ಅವನ ಮೂಲಕವೇ ಹೋಗುವಂತೆ ಮಾಡುವುದು ಆ ಉಪಾಯ. ಆದರೆ ವಸ್ತುವು ತನ್ನ ಕ್ರಿಯೆಯನ್ನು ತಾನೇ ಒಳಗಿನಿಂದ ಕರೆದುಕೊಂಡರೆ ಬಾಗಿಲಲ್ಲಿ ನಿಂತ ಪ್ರತಿನಿಧಿಗೆ ಅದು ತಿಳಿಯುವುದೇ ಇಲ್ಲ. ನೇಯ್ಗೆಯಲ್ಲಿ ಈ ಕೊರತೆಯಿಲ್ಲ. ಅಲ್ಲಿ ಕಾವಲು ಬಾಗಿಲಲ್ಲಿರದೆ ಕ್ರಿಯೆಯ ಒಡಲಲ್ಲಿಯೇ ಇರುತ್ತದೆ. ೨೦೦೭ರಲ್ಲಿ ಬಂದ ಸ್ಪ್ರಿಂಗ್ ೨.೫ ಆವೃತ್ತಿ ಪ್ರವೇಶಕಾಲದ ನೇಯ್ಗೆಗೂ ಅನುಕೂಲ ಕಲ್ಪಿಸಿತು.

ಪ್ರವೇಶಕಾಲದ ನೇಯ್ಗೆಗೆ ಎರಡು ಮಾರ್ಗಗಳಿವೆ. ಒಂದು, ಹಿಂದೆ ಹೇಳಿದ ಸ್ವಂತ ಲೋಡರಿನ ಮಾರ್ಗ. ಬೈಟುಗಳನ್ನು ಸಂಪಾದಿಸಿದ ಮೇಲೆ, ಸ್ಥಾಪಿಸುವ ಮುನ್ನ, ನೇಕಾರನ ಕೈಗೆ ಕೊಟ್ಟು, ಅವನು ಹಿಂತಿರುಗಿಸಿದ ಬೈಟುಗಳನ್ನು ಸ್ಥಾಪಿಸುವುದು. ಈ ಮಾರ್ಗ ಸರಳವಾದರೂ ಅದಕ್ಕೊಂದು ಮಿತಿಯುಂಟು. ಸ್ವಂತ ಲೋಡರ್ ಶಿಷ್ಟಾಚಾರದಂತೆ ಮೊದಲು ಹಿರಿಯರನ್ನು ಕೇಳುತ್ತದೆ. ಹಿರಿಯ ಲೋಡರಿಗೂ ಆ ಕಡತ ದೊರೆಯುವಂತಿದ್ದರೆ ಅದು ತಾನೇ ವರ್ಗವನ್ನು ಸ್ಥಾಪಿಸಿಬಿಡುತ್ತದೆ. ನೇಕಾರನ ಸರದಿ ಬರುವುದೇ ಇಲ್ಲ.

ಇನ್ನೊಂದು ಮಾರ್ಗ ೨೦೦೪ರಲ್ಲಿ ಬಂದ ಜಾವಾ ೫ರಿಂದ ತೆರೆಯಿತು. ಯಂತ್ರವನ್ನು ಪ್ರಾರಂಭಿಸುವ ಆಜ್ಞೆಯಲ್ಲಿಯೇ 'ಜಾವಾ ಏಜೆಂಟ್' ಎಂಬ ಮಧ್ಯಸ್ಥನನ್ನು ಹೆಸರಿಸುವುದು ಈ ಮಾರ್ಗ. ಮುಖ್ಯ ಕ್ರಮವಿಧಿ ಶುರುವಾಗುವ ಮುನ್ನವೇ ಏಜೆಂಟ್ ಎಚ್ಚೆತ್ತು, ರೂಪಾಂತರಕಾರನನ್ನು ಯಂತ್ರದಲ್ಲಿ ನೋಂದಾಯಿಸುತ್ತಾನೆ. ಅಲ್ಲಿಂದ ಮುಂದೆ ಯಾವ ಲೋಡರ್ ಯಾವ ವರ್ಗವನ್ನು ತಂದರೂ, ಸ್ಥಾಪನೆಗೆ ಮುನ್ನ ಯಂತ್ರವು ಬೈಟುಗಳನ್ನು ರೂಪಾಂತರಕಾರನಿಗೆ ತೋರಿಸುತ್ತದೆ. ಅವನು ಹೊಸ ಬೈಟುಗಳನ್ನು ಕೊಟ್ಟರೆ ಅವೇ ವರ್ಗವಾಗುತ್ತವೆ. ಏನನ್ನೂ ಕೊಡದಿದ್ದರೆ ಮೂಲವೇ ನಿಲ್ಲುತ್ತದೆ. ಆಸ್ಪೆಕ್ಟ್‌ವರ್ಕ್ಸ್ ಎಂಬ ಸಾಧನವನ್ನು ಕಟ್ಟಿದ ಯೋನಾಸ್ ಬೊನೇರ್ ಮತ್ತು ಅಲೆಕ್ಸಾಂಡರ್ ವಾಸರ್ ಅವರ ಕೆಲಸ ಆಸ್ಪೆಕ್ಟ್‌ಜೆಯೊಡನೆ ಕೂಡಿ, ೨೦೦೫ರಲ್ಲಿ ಆಸ್ಪೆಕ್ಟ್‌ಜೆ ೫ ಹೊರಬಂದಾಗ ಈ ಏಜೆಂಟಿನ ಮಾರ್ಗ ಸುಗಮವಾಯಿತು. ಯಾವ ಆಸ್ಪೆಕ್ಟುಗಳನ್ನು ನೇಯಬೇಕು, ಯಾವ ವರ್ಗಗಳನ್ನು ಒಳಗೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು 'ಎಒಪಿ' ಎಂಬ ಹೆಸರಿನ ಒಂದು ಎಕ್ಸ್‌ಎಂಎಲ್ ಕಡತದಲ್ಲಿ ಬರೆದಿಡಲಾಗುತ್ತದೆ. ನಿಯಮ ಬದಲಾದರೆ ಆ ಕಡತವನ್ನು ತಿದ್ದಿ ಯಂತ್ರವನ್ನು ಮತ್ತೆ ಪ್ರಾರಂಭಿಸಿದರಾಯಿತು. 'ಖಾತೆ'ಯ ಪಠ್ಯ ಇದ್ದಂತೆಯೇ ಇರುತ್ತದೆ.

ಪ್ರವೇಶದ ಗಳಿಗೆಗೇ ಇಷ್ಟು ಮಹತ್ತ್ವವೇಕೆ, ವರ್ಗವು ಒಳಬಂದ ಮೇಲೆ ನಿಧಾನವಾಗಿ ನೇಯಬಾರದೆ ಎಂದು ಕೇಳಬಹುದು. ಸ್ಥಾಪಿತವಾದ ವರ್ಗವನ್ನು ಮತ್ತೆ ವ್ಯಾಖ್ಯಾನಿಸಲು ಜಾವಾದಲ್ಲಿ ಅವಕಾಶವಿರುವುದು ನಿಜ. ಆದರೆ ಆಗ ಬದಲಿಸಬಹುದಾದದ್ದು ಮುಖ್ಯವಾಗಿ ಕ್ರಿಯೆಗಳ ಒಡಲನ್ನು. ಹೊಸ ಕ್ರಿಯೆಯನ್ನು ಸೇರಿಸುವಂತಿಲ್ಲ, ಇರುವುದನ್ನು ತೆಗೆಯುವಂತಿಲ್ಲ, ವರ್ಗದ ವಂಶವನ್ನು ಬದಲಿಸುವಂತಿಲ್ಲ. ಹಸಿಮಣ್ಣಿನ ಮಡಕೆಗೆ ಕಿವಿ ಹಚ್ಚಬಹುದು. ಸುಟ್ಟ ಮಡಕೆಗೆ ಬಣ್ಣ ಬಳಿಯಬಹುದಷ್ಟೆ. ಆದಕಾರಣ ಪೂರ್ಣ ಸ್ವಾತಂತ್ರ್ಯವಿರುವುದು ಆ ಒಂದು ಗಳಿಗೆಯಲ್ಲಿ ಮಾತ್ರ.

೬. ಮೌನವಾದ ಲೋಪ

ಇಷ್ಟು ಹೇಳಿದ ಮೇಲೆ ಅಪಾಯದ ವಿಚಾರ ಬರುತ್ತದೆ. ಪ್ರವೇಶಕಾಲದ ನೇಯ್ಗೆ ತಪ್ಪಿದಾಗ ಅನೇಕ ವೇಳೆ ಯಾವ ಗದ್ದಲವೂ ಆಗುವುದಿಲ್ಲ. ಇದೇ ಅದರ ಅತ್ಯಂತ ಗಂಭೀರವಾದ ದೋಷ. ತಪ್ಪುವ ಬಗೆಗಳನ್ನು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ಕಾಲದೋಷ. ನೇಕಾರ ಬರುವ ಮುನ್ನವೇ ಒಳಬಂದ ವರ್ಗಕ್ಕೆ ಹೊಕ್ಕು ತಗಲುವುದಿಲ್ಲ. ಏಜೆಂಟನ್ನು ಆರಂಭದಲ್ಲಿ ಹೆಸರಿಸದೆ, ಕ್ರಮವಿಧಿಯ ನಡುವೆ ನೇಯ್ಗೆಯನ್ನು ಸಜ್ಜುಗೊಳಿಸುವ ಚೌಕಟ್ಟುಗಳಲ್ಲಿ ಈ ದೋಷಕ್ಕೆ ಆಸ್ಪದ ಹೆಚ್ಚು.

ಎರಡನೆಯದು ಗುರುತಿನ ದೋಷ. ಆಸ್ಪೆಕ್ಟ್‌ಜೆಯಲ್ಲಿ ಪ್ರತಿಯೊಂದು ಲೋಡರಿಗೂ ಬೇರೆ ನೇಕಾರನಿರುತ್ತಾನೆ. ಆ ಲೋಡರಿಗೆ ಕಾಣುವ ಕಡತಗಳನ್ನು ಮಾತ್ರ ಅವನು ಓದುತ್ತಾನೆ. ಆಸ್ಪೆಕ್ಟನ್ನು ಹೇಳುವ ಕಡತ ಒಂದು ಲೋಡರಿನ ಆವರಣದಲ್ಲಿದ್ದು, 'ಖಾತೆ'ಯನ್ನು ಅದರ ಹಿರಿಯ ಲೋಡರ್ ತಂದಿದ್ದರೆ, ಇಬ್ಬರಿಗೂ ಭೇಟಿಯಾಗುವುದಿಲ್ಲ. ಹೆಸರೊಂದೇ ಗುರುತಲ್ಲವೆಂಬ ಮೂರನೆಯ ಭಾಗದ ತತ್ತ್ವ ಇಲ್ಲಿ ಫಲ ಕೊಡುತ್ತದೆ.

ಮೂರನೆಯದು ನಿಮಿತ್ತದ ದೋಷ. ಪಾಯಿಂಟ್‌ಕಟ್ ಸಾಮಾನ್ಯವಾಗಿ ಹೆಸರುಗಳ ಮಾದರಿಯನ್ನು ಅವಲಂಬಿಸಿರುತ್ತದೆ. ಯಾರೋ ಒಬ್ಬರು 'ಹಿಂತೆಗೆತ' ಎಂಬ ಕ್ರಿಯೆಯ ಹೆಸರನ್ನು 'ಹಣಪಾವತಿ' ಎಂದು ಬದಲಿಸಿದರೆ, ಮೂಲಪಠ್ಯ ನಿರ್ದೋಷವಾಗಿಯೇ ಅನುವಾದವಾಗುತ್ತದೆ. ಸೂತ್ರಕ್ಕೆ ಮಾತ್ರ ಲಕ್ಷ್ಯವಿಲ್ಲದಂತಾಗುತ್ತದೆ.

ನಾಲ್ಕನೆಯದು ರೂಪಾಂತರದ ದೋಷ. ರೂಪಾಂತರಕಾರನ ಕೆಲಸದ ನಡುವೆ ದೋಷವುಂಟಾಗಿ ಅದು ಹೊರಬಿದ್ದರೆ, ಜಾವಾದ ಕಟ್ಟಳೆಯಂತೆ ಅವನು ಏನನ್ನೂ ಕೊಡಲಿಲ್ಲವೆಂದೇ ಎಣಿಸಿ ಪ್ರವೇಶವನ್ನು ಮುಂದುವರಿಸಲಾಗುತ್ತದೆ. ವರ್ಗ ಒಳಬರುತ್ತದೆ, ಕಾವಲು ಬರುವುದಿಲ್ಲ. ರೂಪಾಂತರಕಾರನು ತಪ್ಪಾದ ಬೈಟುಗಳನ್ನೇ ಕೊಟ್ಟರೆ ಮಾತ್ರ ಯಂತ್ರದ ಪರಿಶೀಲಕವು ಅದನ್ನು ಹಿಡಿದು ಕೂಗುತ್ತದೆ. ಒಂದು ಕ್ರಿಯೆಯ ಬೈಟ್‌ಕೋಡ್ ೬೫,೫೩೫ ಬೈಟುಗಳನ್ನು ಮೀರುವಂತಿಲ್ಲವೆಂಬ ಮಿತಿಯೂ ಉಂಟು. ಕೂಗುವ ತಪ್ಪು ಲೇಸು, ಮೌನವಾದ ತಪ್ಪು ಕಷ್ಟ.

ಈ ನಾಲ್ಕರಲ್ಲಿಯೂ ಫಲ ಒಂದೇ. ಬ್ಯಾಂಕಿನ ಕ್ರಮವಿಧಿ ಎಂದಿನಂತೆ ನಡೆಯುತ್ತದೆ. ಹಣ ಹೋಗುತ್ತದೆ, ಬರುತ್ತದೆ. ಅಧಿಕಾರಪರೀಕ್ಷೆ ನಡೆಯುತ್ತಿದೆಯೆಂದು ಎಲ್ಲರೂ ನಂಬಿರುತ್ತಾರೆ, ಏಕೆಂದರೆ ಆಸ್ಪೆಕ್ಟಿನ ಪಠ್ಯ ಕಣ್ಣಮುಂದಿದೆ. ನಡೆಯುತ್ತಿಲ್ಲವೆಂಬುದು ತಿಳಿಯುವುದು ಹಾನಿಯಾದ ಮೇಲೆ. ಕಾವಲಿಲ್ಲದ ಮನೆಗಿಂತ, ಕಾವಲಿದೆಯೆಂದು ನಂಬಿ ಮಲಗಿದ ಮನೆಗೆ ಅಪಾಯ ಹೆಚ್ಚು.

೭. ಪೂರ್ವಪಕ್ಷ ಮತ್ತು ಸಿದ್ಧಾಂತ

ಹಾಗಾದರೆ ಈ ಪದ್ಧತಿಯನ್ನೇ ಕೈಬಿಡಬಾರದೆ ಎಂಬುದು ಪೂರ್ವಪಕ್ಷ. ಮೂಲಪಠ್ಯವನ್ನು ಓದಿದವನಿಗೆ ನಡೆಯುವುದೇನೆಂದು ತಿಳಿಯದಿದ್ದರೆ ಓದಿಗೆ ಅರ್ಥವೇನು? ನೇಯ್ಗೆಗೂ ಪ್ರಕ್ಷೇಪಕ್ಕೂ ಭೇದವೇನು?

ಭೇದವುಂಟು. ಪ್ರಕ್ಷೇಪದ ದೋಷ ಸೇರಿಸುವುದರಲ್ಲಿಲ್ಲ, ಸೇರಿಸಿದ್ದನ್ನು ಮರೆಮಾಡುವುದರಲ್ಲಿದೆ. ವ್ಯಾಖ್ಯಾನಕಾರನು ಮೂಲಕ್ಕೆ ಎಷ್ಟೋ ಮಾತುಗಳನ್ನು ಸೇರಿಸುತ್ತಾನೆ. ಆದರೆ ತನ್ನ ಮಾತು ತನ್ನದೆಂದು ಬೇರೆಯಾಗಿಯೇ ತೋರಿಸುತ್ತಾನೆ. ಆದುದರಿಂದ ಅವನು ಪೂಜ್ಯ. ಆಸ್ಪೆಕ್ಟಿಗೂ ತನ್ನದೇ ಆದ ಪಠ್ಯವಿದೆ, ಹೆಸರಿದೆ, ಅದು ಎಲ್ಲಿ ಅನ್ವಯಿಸುವುದೆಂಬ ಘೋಷಣೆಯಿದೆ. ನೂರು ಕಡೆ ಚದುರಿದ ನಾಲ್ಕು ಸಾಲುಗಳಿಗಿಂತ ಒಂದು ಕಡೆ ನಿಂತ ಸೂತ್ರವನ್ನು ಓದುವುದೂ ಪರೀಕ್ಷಿಸುವುದೂ ಸುಲಭ. ಕೊರತೆಯಿರುವುದು ಸೂತ್ರದಲ್ಲಲ್ಲ, ಸೂತ್ರ ಫಲಿಸಿತೆ ಎಂಬುದಕ್ಕೆ ಸಾಕ್ಷಿಯನ್ನು ಕೇಳದಿರುವುದರಲ್ಲಿ.

ಆ ಸಾಕ್ಷಿಯನ್ನು ಪಡೆಯಲು ಸಾಧನಗಳಿವೆ. ಮೇಲೆ ಹೇಳಿದ ಎಕ್ಸ್‌ಎಂಎಲ್ ಕಡತದಲ್ಲಿ 'ಶೋ ವೀವ್ ಇನ್ಫೊ' ಎಂಬ ಆಯ್ಕೆಯನ್ನು ಬರೆದರೆ, ಯಾವ ವರ್ಗದ ಯಾವ ಸ್ಥಾನದಲ್ಲಿ ಯಾವ ಅಡ್ವೈಸನ್ನು ನೇಯಲಾಯಿತೆಂದು ನೇಕಾರನೇ ವರದಿ ಕೊಡುತ್ತಾನೆ. ಯಾವ ಸ್ಥಾನಕ್ಕೂ ತಗಲದ ಅಡ್ವೈಸನ್ನು ಕುರಿತು ಎಚ್ಚರಿಸುವ ವ್ಯವಸ್ಥೆಯೂ ಉಂಟು. ಇವೆರಡಕ್ಕಿಂತ ಮಿಗಿಲಾದದ್ದು ಪ್ರತ್ಯಕ್ಷ ಪರೀಕ್ಷೆ: ಯಂತ್ರ ಶುರುವಾದೊಡನೆ ಅಧಿಕಾರವಿಲ್ಲದ ಒಂದು ಹಿಂತೆಗೆತವನ್ನು ಬೇಕೆಂದೇ ಮಾಡಿಸಿ, ಅದು ನಿರಾಕೃತವಾಗುವುದೇ ಎಂದು ನೋಡುವುದು. ನಿರಾಕೃತವಾಗದಿದ್ದರೆ ಕ್ರಮವಿಧಿಯನ್ನು ಮುಂದುವರಿಸದೆ ನಿಲ್ಲಿಸುವುದು. ಆಗ ಮೌನವಾದ ಲೋಪಕ್ಕೆ ಬಾಯಿ ಬಂದಂತಾಗುತ್ತದೆ.

ಜಾವಾ ಭಾಷೆಯೂ ಇದೇ ದಿಕ್ಕಿನಲ್ಲಿ ಸಾಗುತ್ತಿದೆ. ೨೦೨೩ರಲ್ಲಿ ಬಂದ ಜಾವಾ ೨೧ರಿಂದ, ನಡೆಯುತ್ತಿರುವ ಯಂತ್ರದೊಳಕ್ಕೆ ನಡುವೆ ಏಜೆಂಟನ್ನು ಸೇರಿಸಿದರೆ ಎಚ್ಚರಿಕೆಯ ಸಂದೇಶ ಬರುತ್ತದೆ. ಮುಂದೆ ಅದನ್ನು ಸಹಜಸ್ಥಿತಿಯಲ್ಲಿ ನಿಷೇಧಿಸುವ ಇಂಗಿತವನ್ನೂ ಆ ಪ್ರಸ್ತಾವ ಸ್ಪಷ್ಟಪಡಿಸಿದೆ. ಆದರೆ ಆರಂಭದ ಆಜ್ಞೆಯಲ್ಲಿಯೇ ಹೆಸರು ಹೇಳಿ ಬಂದ ಏಜೆಂಟಿಗೆ ಯಾವ ತಡೆಯೂ ಇಲ್ಲ. ಬದಲಿಸುವ ಅಧಿಕಾರವನ್ನು ಭಾಷೆ ಕಿತ್ತುಕೊಳ್ಳುತ್ತಿಲ್ಲ. ಹೆಸರು ಹೇಳಿ ಒಳಬರಬೇಕೆಂದು ಮಾತ್ರ ಕೇಳುತ್ತಿದೆ.

ಒಟ್ಟಿನಲ್ಲಿ ಪರ್ಯಾಲೋಚಿಸಿದರೆ, ಪ್ರವೇಶಕಾಲದ ನೇಯ್ಗೆಯನ್ನು ಆಶ್ರಯಿಸುವವನು ಮೂರು ಪ್ರಶ್ನೆಗಳಿಗೆ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳಬೇಕೆಂದು ತಿಳಿದುಬರುತ್ತದೆ. ನೇಕಾರನು ವರ್ಗಕ್ಕಿಂತ ಮೊದಲು ಬಂದನೆ? ವರ್ಗವನ್ನು ಸ್ಥಾಪಿಸಿದ ಲೋಡರ್ ಯಾವುದು, ಆಸ್ಪೆಕ್ಟ್ ಅದಕ್ಕೆ ಕಾಣುವುದೆ? ನೇಯ್ಗೆ ನಡೆಯಿತೆಂಬುದಕ್ಕೆ ಸಾಕ್ಷಿಯೇನು? ಮೊದಲನೆಯದು ಕಾಲದ ಪ್ರಶ್ನೆ, ಎರಡನೆಯದು ಗುರುತಿನ ಪ್ರಶ್ನೆ, ಮೂರನೆಯದು ಪ್ರಮಾಣದ ಪ್ರಶ್ನೆ. ಮೊದಲೆರಡಕ್ಕೆ ಉತ್ತರ ತಪ್ಪಾದರೂ ಮೂರನೆಯದು ಅದನ್ನು ಹಿಡಿಯಬಲ್ಲದು. ಮೂರನೆಯದನ್ನು ಕೇಳದೆ ಬಿಟ್ಟರೆ ಮೊದಲೆರಡರ ಉತ್ತರ ಸರಿಯೆಂಬುದೂ ಬರಿಯ ನಂಬಿಕೆಯಾಗಿಯೇ ಉಳಿಯುತ್ತದೆ. ಇತರರ ಹಣಕ್ಕೂ ಆರೋಗ್ಯಕ್ಕೂ ಕಾವಲಾಗಿ ನಿಲ್ಲುವ ಕ್ರಮವಿಧಿಯನ್ನು ರಚಿಸುವವರು ಅಂತಹ ನಂಬಿಕೆಯಲ್ಲಿ ತೃಪ್ತರಾಗಿ ಕೂರುವುದು ಯುಕ್ತವಲ್ಲ.